ಕರೆಂಟ್ ಕಂಬವಿಲ್ಲದ ಜಮೀನಿನಲ್ಲಿ ಮನೆ: ಖರ್ಚು ಎಲ್ಲೆಲ್ಲಿ ಅಡಗಿರುತ್ತದೆ?

ಪ್ರಶ್ನೆ: ಹಳ್ಳಿಯ ಹೊರಗೆ ಎರಡು ಎಕರೆ ಜಮೀನು ನೋಡಿದ್ದೇವೆ. ಹತ್ತಿರದ ಕರೆಂಟ್ ಕಂಬ ಒಂದು ಕಿಲೋಮೀಟರಿಗೂ ಹೆಚ್ಚು ದೂರ. ನಲ್ಲಿ ನೀರಿಲ್ಲ, ಒಳಚರಂಡಿಯಿಲ್ಲ. ಡಾಂಬರು ರಸ್ತೆಯಿಂದ ಜಮೀನಿಗೆ ಸುಮಾರು 400 ಮೀಟರ್ ಮಣ್ಣಿನ ದಾರಿ, ಅದು ಬೇರೆಯವರ ಹೊಲದ ಅಂಚಿನಲ್ಲಿ ಹಾದುಹೋಗುತ್ತದೆ. ಸಾವಿರ ಚದರ ಅಡಿಯ ಮನೆ ಕಟ್ಟಿ ಸೋಲಾರ್, ಕೊಳವೆಬಾವಿ, ಮಳೆನೀರು ಇಷ್ಟನ್ನೇ ನಂಬಿ ಬದುಕುವ ಆಸೆ. ನಾವಿಬ್ಬರೂ ಮನೆಯಿಂದಲೇ ಕೆಲಸ ಮಾಡುವವರು. ಶಾಲೆಗೆ ಹೋಗುವ ಮಗಳು, ವಯಸ್ಸಾದ ಅಮ್ಮ ಜೊತೆಗಿದ್ದಾರೆ. ಮನೆಯ ಅಂದಾಜಿನ ಮೇಲೆ 20 ಪರ್ಸೆಂಟ್ ಹೆಚ್ಚಿಟ್ಟುಕೊಂಡರೆ ಸಾಕೇ? ಮೊದಲು ಏನು ಮಾಡಬೇಕು? ಯಾವ ಬ್ಯಾಟರಿ ಕೊಳ್ಳಬೇಕು?

ಉತ್ತರ: 20 ಪರ್ಸೆಂಟ್ ಸಾಲುವುದಿಲ್ಲ. ಮೊದಲ ಲೆಕ್ಕಕ್ಕೆ 50 ಎಂದಿಟ್ಟುಕೊಳ್ಳಿ. ದಾರಿ, ನೀರು, ಕರೆಂಟ್ ಒಂದೊಂದರ ನಿಜವಾದ ಕೊಟೇಶನ್ ಕೈಗೆ ಬಂದ ಹಾಗೆ ಅದನ್ನು ತಿದ್ದುತ್ತಾ ಹೋಗಿ. ಊರೊಳಗೆ ಸೈಟು ಕೊಂಡರೆ ರಸ್ತೆ, ನಲ್ಲಿ, ಚರಂಡಿ, ಕಂಬ ಇವೆಲ್ಲದರ ಬೆಲೆ ಸೈಟಿನ ಬೆಲೆಯೊಳಗೇ ಸೇರಿಕೊಂಡಿರುತ್ತದೆ. ಊರಾಚೆಯ ಜಮೀನು ಅಗ್ಗವಾಗಿ ಕಾಣುವುದು ಇವು ಯಾವುವೂ ಅಲ್ಲಿ ಇಲ್ಲದ ಕಾರಣಕ್ಕೆ. ಅವನ್ನೆಲ್ಲ ನೀವೇ ಮಾಡಿಸಿಕೊಳ್ಳಬೇಕು, ಆಮೇಲೆ ರಿಪೇರಿಯೂ ನಿಮ್ಮ ತಲೆಯ ಮೇಲೇ. ಆದ್ದರಿಂದ ಇಂಥ ಪ್ರಶ್ನೆ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಮನೆಯ ನಕ್ಷೆಯನ್ನು ಕೊನೆಗೆ ಬರೆಸಿ. ಮೊದಲು ದಾರಿ, ಆಮೇಲೆ ನೀರು, ಆಮೇಲೆ ಕೊಳಚೆ ಹೋಗುವ ಜಾಗ, ಆಮೇಲೆ ಕರೆಂಟ್. ಈ ನಾಲ್ಕೂ ಇತ್ಯರ್ಥವಾದಾಗ ಮನೆ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದು ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗಿರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸಿದ್ದು ‘ಬೇರೆಯವರ ಹೊಲದ ಅಂಚಿನಲ್ಲಿ’ ಎನ್ನುವ ಮಾತು. ಇವತ್ತು ಓಡಾಡಲು ಬಿಡುತ್ತಿದ್ದಾರೆ ಎಂದ ಮಾತ್ರಕ್ಕೆ ಅದು ನಿಮ್ಮ ಹಕ್ಕಾಗುವುದಿಲ್ಲ. ಜಮೀನಿನ ಮಾಲೀಕರು ಬದಲಾದಾಗ, ಮಕ್ಕಳಿಗೆ ಭಾಗವಾದಾಗ, ಎರಡು ಮನೆಗಳ ನಡುವೆ ಮಾತು ಕೆಟ್ಟಾಗ ಬೇಲಿ ಬೀಳುತ್ತದೆ. ವಾಹನ ಓಡಾಡುವ ದಾರಿಯ ಹಕ್ಕು, ಅದರ ಅಗಲ ಎಷ್ಟು, ಅದರಡಿಯಲ್ಲಿ ಪೈಪು ಮತ್ತು ಕೇಬಲ್ ಹಾಕಬಹುದೇ, ರಿಪೇರಿ ಯಾರ ಜವಾಬ್ದಾರಿ, ಇಷ್ಟೂ ನೋಂದಾಯಿತ ಪತ್ರದಲ್ಲಿ ಬರಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಆ ಜಮೀನನ್ನು ಬಿಟ್ಟುಬಿಡಿ. ಎಷ್ಟೇ ಚೆಂದವಿರಲಿ, ಎಷ್ಟೇ ಅಗ್ಗವಿರಲಿ. ಇದರಲ್ಲಿ ನಾನು ರಾಜಿಯಾಗುವವನಲ್ಲ. ಜೊತೆಗೆ, ಆ ಜಮೀನಿನಲ್ಲಿ ವಾಸದ ಮನೆ ಕಟ್ಟಲು ಕಾನೂನು ಬಿಡುತ್ತದೆಯೇ, ಬಾವಿ ಕೊರೆಯಲು ಪ್ರತ್ಯೇಕ ಅನುಮತಿ ಬೇಕೇ, ಶೌಚದ ವ್ಯವಸ್ಥೆಗೆ ಯಾವ ಮಾದರಿಯನ್ನು ಒಪ್ಪುತ್ತಾರೆ ಎಂಬುದನ್ನು ಸ್ಥಳೀಯ ಆಡಳಿತದಿಂದ ಬರಹದಲ್ಲಿ ಪಡೆಯಿರಿ. ಕೃಷಿ ಜಮೀನು ಎಂದು ದಾಖಲಾದ ಕಡೆ ಮನೆ ಕಟ್ಟುವುದಕ್ಕೆ ಬಹಳಷ್ಟು ದೇಶಗಳಲ್ಲಿ ನಿರ್ಬಂಧಗಳಿವೆ. ಬ್ರೋಕರ್ ಬಾಯಲ್ಲಿ ಹೇಳಿದ್ದು ಕಚೇರಿಯಲ್ಲಿ ನಡೆಯುವುದಿಲ್ಲ.

ಹಕ್ಕು ಸಿಕ್ಕಿತು ಎಂದುಕೊಳ್ಳೋಣ. ಈಗ ಆ 400 ಮೀಟರಿನ ಖರ್ಚು ನೋಡಿ. ಮೂರೂವರೆ ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿ ಹಾಸಿದರೆ 280 ಘನ ಮೀಟರ್. ರೋಲರ್ ಹೊಡೆದಾಗ ಕುಗ್ಗುವುದರಿಂದ ಸಡಿಲ ಜಲ್ಲಿ ಇನ್ನೂ ಕಾಲು ಭಾಗ ಜಾಸ್ತಿ ಬೇಕು. ಒಂದು ಟಿಪ್ಪರಿಗೆ ಹತ್ತು ಘನ ಮೀಟರ್ ಎಂದರೂ 35 ಲೋಡು. ಇದರ ಮೇಲೆ ನೀರು ಹರಿಯುವ ಕಡೆ ಮೋರಿ, ಪಕ್ಕದಲ್ಲಿ ಚರಂಡಿ, ಲಾರಿ ತಿರುಗಿಸುವ ಜಾಗ. ‘ಮೊದಲು ಮನೆಯಾಗಲಿ, ದಾರಿ ಆಮೇಲೆ ನೋಡೋಣ’ ಎನ್ನುವವರು ಎರಡು ಸಲ ಖರ್ಚು ಮಾಡುತ್ತಾರೆ. ತುಂಬಿದ ಕಾಂಕ್ರೀಟ್ ಲಾರಿ 25 ಟನ್ನಿಗೂ ಮೇಲೆ ತೂಗುತ್ತದೆ. ಒಂದು ಮಳೆ ಬಿದ್ದ ಮಣ್ಣಿನ ದಾರಿಯಲ್ಲಿ ಅದು ಹೂತರೆ ಕಾಂಕ್ರೀಟೂ ಹಾಳು, ದಾರಿಯೂ ಹಾಳು. ಲಾರಿ ಬಾರದಿದ್ದರೆ ಸಾಮಾನನ್ನು ರಸ್ತೆಯಲ್ಲಿ ಇಳಿಸಿ ಟ್ರ್ಯಾಕ್ಟರಿನಲ್ಲಿ ಒಳಗೆ ಸಾಗಿಸಬೇಕು. ಸಿಮೆಂಟಿನಿಂದ ಹಿಡಿದು ಕಿಟಕಿಯ ಗಾಜಿನವರೆಗೆ ಪ್ರತಿಯೊಂದಕ್ಕೂ ಎರಡು ಸಲ ಏರಿಸಿ ಇಳಿಸುವ ಕೂಲಿ ಬೀಳುತ್ತದೆ. ಕೊಳವೆಬಾವಿ ಕೊರೆಯುವ ಯಂತ್ರಕ್ಕೂ, ಮುಂದೆ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿಗೂ, ಆಂಬುಲೆನ್ಸಿಗೂ ಇದೇ ದಾರಿ. ಜೋರು ಮಳೆ ಸುರಿದ ಮಾರನೆಯ ದಿನ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ನೀರು ಎಲ್ಲಿ ನಿಂತಿದೆ, ಎಲ್ಲಿ ಅಡ್ಡ ಹರಿದು ಮಣ್ಣು ಕೊಚ್ಚಿದೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಮೋರಿ ಹಾಕುವ ಕಂಟ್ರಾಕ್ಟರಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಬೇಕಿಲ್ಲ.

ನೀರಿನ ವಿಷಯಕ್ಕೆ ಬರೋಣ. ಕೊಳವೆಬಾವಿಯ ಅಸಲಿ ಸಮಸ್ಯೆ ಏನೆಂದರೆ, ಕೊರೆಯುವ ತನಕ ಗೊತ್ತಾಗುವುದಿಲ್ಲ, ನೀರು ಸಿಗದಿದ್ದರೂ ಕೊರೆದ ಆಳಕ್ಕೆ ದುಡ್ಡು ಕೊಡಲೇಬೇಕು. ಅಪಾಯ ಕಡಿಮೆ ಮಾಡಿಕೊಳ್ಳಲು ಒಂದು ದಾರಿಯಿದೆ: ಸುತ್ತಲಿನ ಬಾವಿಗಳ ಆಳ, ಕಡುಬೇಸಿಗೆಯಲ್ಲಿ ಅವುಗಳ ನೀರಿನ ಮಟ್ಟ, ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಬತ್ತಿವೆ ಎಂದು ಅಕ್ಕಪಕ್ಕದ ರೈತರನ್ನು ಕೇಳಿ, ಭೂಜಲ ತಜ್ಞರಿಂದ ಸರ್ವೆ ಮಾಡಿಸಿ. ಒಂದಲ್ಲ, ಎರಡು ಬಾವಿಯ ಹಣ ತೆಗೆದಿಡಿ.

ಆದರೆ ಕಡಿಮೆ ನೀರು ಕೊಡುವ ಬಾವಿಯನ್ನು ಕಂಡು ಧೈರ್ಯಗೆಡಬೇಡಿ. ನಿಮಿಷಕ್ಕೆ ಬರೀ ಒಂದು ಲೀಟರ್ ಬರುವ ಬಾವಿಯೂ ದಿನಕ್ಕೆ 1,440 ಲೀಟರ್ ಕೊಡುತ್ತದೆ. ತಲಾ 100 ಲೀಟರ್ ಎಂದರೆ ನಿಮ್ಮ ನಾಲ್ವರ ಮನೆಗೆ ದಿನಕ್ಕೆ ಬೇಕಿರುವುದು 400. ನಿಮಗೆ ಬೇಕಾದದ್ದು ಸಣ್ಣ ಪಂಪು, ನೀರು ಮುಗಿದಾಗ ತಾನೇ ನಿಲ್ಲಿಸುವ ಸೆನ್ಸರ್, ಎತ್ತರದಲ್ಲೊಂದು ದೊಡ್ಡ ಟ್ಯಾಂಕು. ಹೆಚ್ಚಿನವರು ಇಲ್ಲಿ ಉಲ್ಟಾ ಮಾಡುತ್ತಾರೆ. ದೊಡ್ಡ ಪಂಪಿಗೆ ಹಣ ಸುರಿದು ಟ್ಯಾಂಕಿನಲ್ಲಿ ಉಳಿಸುತ್ತಾರೆ. ಒಂದು ಎಚ್‌ಪಿ ಮೋಟಾರು ಓಡುವಾಗ ಸುಮಾರು ಒಂದು ಕಿಲೋವ್ಯಾಟ್ ತೆಗೆದುಕೊಂಡರೂ ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ. ಆ ಒಂದು ಕ್ಷಣಕ್ಕಾಗಿ ಇಡೀ ಇನ್ವರ್ಟರ್ ದೊಡ್ಡದಾಗಬೇಕಾಗುತ್ತದೆ. ಪಂಪಿಗೆ ಬೇರೆಯದೇ ಎರಡು ಮೂರು ಪ್ಯಾನೆಲ್ ಕೊಟ್ಟು, ಬ್ಯಾಟರಿಯ ಗೊಡವೆಯಿಲ್ಲದೆ ಬಿಸಿಲಿರುವಾಗಷ್ಟೇ ಓಡುವ ಸೋಲಾರ್ ಪಂಪು ಹಾಕಿಸಿ. ಟ್ಯಾಂಕ್ ಮೇಲಿದ್ದರೆ ರಾತ್ರಿ ನಲ್ಲಿ ತಿರುಗಿಸಲು ಕರೆಂಟೇ ಬೇಡ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಜಮೀನಿನಲ್ಲಿ ದಿಬ್ಬವಿದ್ದರೆ ಮನೆಯನ್ನು ಅದರ ನೆತ್ತಿಯ ಮೇಲೆ ಕಟ್ಟಬೇಡಿ. ನೆತ್ತಿಯನ್ನು ಟ್ಯಾಂಕಿಗೆ ಬಿಟ್ಟು ಮನೆಯನ್ನು ಸ್ವಲ್ಪ ಕೆಳಗಿಳಿಸಿ.

ಮಳೆನೀರಿನ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಚಾವಣಿ ಸುಮಾರು 93 ಚದರ ಮೀಟರ್. ಅಂಚು ಸೇರಿಸಿ 100 ಎನ್ನೋಣ. ವರ್ಷಕ್ಕೆ 800 ಮಿಲಿಮೀಟರ್ ಮಳೆಯಾಗುವ ಕಡೆ, ಐದನೇ ಒಂದು ಭಾಗ ನಷ್ಟ ಕಳೆದರೂ 64,000 ಲೀಟರ್ ಸಿಗುತ್ತದೆ. ಬೀಳುವ ಮಳೆಯನ್ನು ಬೇಸಿಗೆಯವರೆಗೆ ಹಿಡಿದಿಡುವುದೇ ಕಷ್ಟದ ಕೆಲಸ. ನಾಲ್ಕು ತಿಂಗಳ ಒಣ ಕಾಲಕ್ಕೆ ದಿನಕ್ಕೆ 400 ಲೀಟರಿನಂತೆ 48,000 ಲೀಟರ್ ಬೇಕು. ಅಂದರೆ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಆಳದ ತೊಟ್ಟಿ. ತುಂಬಿದಾಗ 48 ಟನ್. ಇದು ಮನೆಯಷ್ಟೇ ಗಂಭೀರವಾದ ಸಿವಿಲ್ ಕೆಲಸ, ಅದಕ್ಕೆ ತಕ್ಕ ತಳಪಾಯವೂ ಬೇಕು. ಬಾವಿ ಮತ್ತು ಮಳೆ ಎರಡೂ ಸೇರಿದರೆ ಇದರ ಅರ್ಧ ಸಾಕಾಗಬಹುದು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ವ್ಯವಸ್ಥೆ, ಸೊಳ್ಳೆ ನುಗ್ಗದ ಜಾಲರಿ, ಬೆಳಕು ಬೀಳದ ಮುಚ್ಚಳ ಮರೆಯಬೇಡಿ.

ಕುಡಿಯುವ ಮುಂಚೆ ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್ 50, ಆರ್ಸೆನಿಕ್ 0.01, ಇವು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿಗಳು. ಈ ಮೂರೂ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ಆರ್‌ಒ ಯಂತ್ರ ತೆಗೆಯುತ್ತದೆ, ಆದರೆ ಮನೆಬಳಕೆಯ ಸಾಮಾನ್ಯ ಮಾದರಿಗಳು ಶುದ್ಧವಾದ ಒಂದು ಲೀಟರಿಗೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತವೆ. ಚೆನ್ನಾಗಿ ಸೋಸಿ, ಸೋಂಕು ಕಳೆದ ಮಳೆನೀರನ್ನು ಕುಡಿಯಲು ಇಟ್ಟುಕೊಂಡು ಬಾವಿಯ ನೀರನ್ನು ಉಳಿದದ್ದಕ್ಕೆ ಬಳಸುವುದು ಇಂಥ ಕಡೆ ಹೆಚ್ಚು ಬುದ್ಧಿವಂತಿಕೆ.

ಶೌಚದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸೆಪ್ಟಿಕ್ ಟ್ಯಾಂಕ್ ಕಟ್ಟುವುದು ಯಾರಿಗೂ ಗೊತ್ತು; ಅದರಿಂದ ಹೊರಬಂದ ನೀರನ್ನು ನಿಮ್ಮ ಮಣ್ಣು ಹೀರುತ್ತದೆಯೇ ಎಂಬುದನ್ನು ಬಹಳ ಜನ ನೋಡುವುದಿಲ್ಲ. ಇಂಗುಗುಂಡಿ ಬರುವ ಜಾಗದಲ್ಲಿ ಮೊಣಕಾಲುದ್ದದ ಗುಂಡಿ ತೋಡಿ, ಹಿಂದಿನ ದಿನವೇ ನೀರು ತುಂಬಿ ಮಣ್ಣು ನೆನೆಯಲು ಬಿಡಿ. ಮಾರನೆಯ ದಿನ ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತು ಎಂದು ಅಳೆಯಿರಿ. ಜೇಡಿಮಣ್ಣಿನಲ್ಲಿ ನೀರು ನಿಂತೇ ಇರುತ್ತದೆ, ಆಗ ಹೆಚ್ಚು ಜಾಗದ ಇಂಗುಕಾಲುವೆಗಳು ಬೇಕು. ಮರಳು ಮಣ್ಣಿನಲ್ಲಿ ತೀರಾ ಬೇಗ ಇಳಿದರೆ ಅದೂ ಒಳ್ಳೆಯದಲ್ಲ, ಸೋಸದೆಯೇ ಅಂತರ್ಜಲ ಸೇರುತ್ತದೆ. ಬಾವಿಗೂ ಇಂಗುಗುಂಡಿಗೂ ನಡುವೆ 15ರಿಂದ 30 ಮೀಟರ್ ಅಂತರವನ್ನು ಹಲವು ದೇಶಗಳ ನಿಯಮಗಳು ಕೇಳುತ್ತವೆ. ನಿಮ್ಮಲ್ಲಿ ಜಾಗಕ್ಕೆ ಬರವಿಲ್ಲ, 30 ಇಡಿ, ಬಾವಿ ಎತ್ತರದ ಕಡೆಗಿರಲಿ. ಸ್ನಾನದ, ಬಟ್ಟೆ ಒಗೆದ ನೀರನ್ನು ಬೇರೆ ಪೈಪಿನಲ್ಲಿ ತಂದು ಗಿಡಗಳಿಗೆ ಬಿಟ್ಟರೆ ಟ್ಯಾಂಕಿನ ಮೇಲಿನ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ. ಈ ಎರಡನೇ ಪೈಪನ್ನು ಕಟ್ಟುವಾಗಲೇ ಹಾಕಿಸಿ. ಆಮೇಲೆ ನೆಲ ಒಡೆಯುವುದು ದುಬಾರಿ.

ಇನ್ನು ಕರೆಂಟ್. ಎಲ್ಲಕ್ಕಿಂತ ಮೊದಲು ವಿದ್ಯುತ್ ಕಂಪನಿಯಿಂದ ಒಂದು ಕಿಲೋಮೀಟರ್ ಲೈನ್ ಎಳೆಯುವುದಕ್ಕೆ ಬರಹದಲ್ಲಿ ಅಂದಾಜು ತೆಗೆದುಕೊಳ್ಳಿ. ಕಂಬ 100–200 ಮೀಟರಿನಲ್ಲಿದ್ದಿದ್ದರೆ ‘ಲೈನ್ ಎಳೆಸಿಕೊಳ್ಳಿ, ಸೋಲಾರನ್ನು ಜೊತೆಗಿಟ್ಟುಕೊಳ್ಳಿ’ ಎಂದೇ ಹೇಳುತ್ತಿದ್ದೆ. ಕಿಲೋಮೀಟರಿಗೂ ಮೇಲೆ ಎಂದಾಗ ಸಾಮಾನ್ಯವಾಗಿ ಸ್ವಂತ ವ್ಯವಸ್ಥೆಯೇ ಗೆಲ್ಲುತ್ತದೆ, ಆದರೂ ಆ ಅಂಕಿ ಕಣ್ಣ ಮುಂದಿರಲಿ. ಹೋಲಿಸುವಾಗ ಸೋಲಾರಿನ ಮೊದಲ ಖರ್ಚನ್ನು ಮಾತ್ರ ಹಿಡಿಯಬೇಡಿ. ಹದಿನೈದು ವರ್ಷದ ಲೆಕ್ಕ ಹಾಕಿ, ಅದರಲ್ಲಿ ಒಂದು ಸಲ ಬ್ಯಾಟರಿ, ಒಂದು ಸಲ ಇನ್ವರ್ಟರ್ ಬದಲಿಸುವುದು ಸೇರಲಿ.

ಸೋಲಾರ್ ಅಂಗಡಿಯವರು ‘ಎಷ್ಟು ಕಿಲೋವ್ಯಾಟ್ ಬೇಕು’ ಎಂದು ಕೇಳುತ್ತಾರೆ. ನೀವು ಹೇಳಬೇಕಾದದ್ದು ದಿನಕ್ಕೆ ಎಷ್ಟು ಯೂನಿಟ್ ಎಂಬುದನ್ನು. (ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್.) ನಿಮ್ಮ ಮನೆಗೆ ನಾನು ಹಾಕಿದ ಲೆಕ್ಕ ಹೀಗಿದೆ: ಒಳ್ಳೆಯ ಫ್ರಿಜ್‌ಗೆ ಒಂದು ಯೂನಿಟ್, 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಬಗೆಯ) ಫ್ಯಾನ್ ನಾಲ್ಕು, ದಿನಕ್ಕೆ ಹನ್ನೆರಡು ಗಂಟೆಯಂತೆ 1.4, ಎರಡು ಲ್ಯಾಪ್‌ಟಾಪ್ 0.8, ದೀಪಗಳು 0.35, ದಿನವಿಡೀ ಉರಿಯುವ ಇಂಟರ್‌ನೆಟ್ ರೌಟರ್ 0.25, ವಾಷಿಂಗ್ ಮಷಿನ್, ಮಿಕ್ಸಿ, ಫೋನ್ ಚಾರ್ಜರ್ ಎಲ್ಲ ಸೇರಿ ಅರ್ಧ, ಮನೆಯೊಳಗೆ ಒತ್ತಡಕ್ಕೊಂದು ಸಣ್ಣ ಪಂಪು ಬೇಕಾದರೆ ಅರ್ಧ. ಇದರ ಮೇಲೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಬಾಬ್ತು: ಇನ್ವರ್ಟರ್ ಸುಮ್ಮನೆ ಆನ್ ಆಗಿರುವುದಕ್ಕೇ 40 ವ್ಯಾಟ್ ತಿಂದರೆ ದಿನಕ್ಕೆ ಸುಮಾರು ಒಂದು ಯೂನಿಟ್. ಒಟ್ಟು ಹತ್ತಿರ ಹತ್ತಿರ ಆರು. ಹಳೆಯ 75 ವ್ಯಾಟಿನ ಫ್ಯಾನ್‌ಗಳನ್ನೇ ತಂದು ಹಾಕಿದರೆ ಅದೇ ಎಂಟರ ಹತ್ತಿರ ಬರುತ್ತದೆ. ಇಂಡಕ್ಷನ್ ಒಲೆಯಲ್ಲೇ ಪೂರ್ತಿ ಅಡುಗೆ ಎಂದರೆ ಇನ್ನೆರಡು ಮೂರು ಯೂನಿಟ್. ರಾತ್ರಿಯಿಡೀ ಎಸಿ ಎಂದರೆ ಇಡೀ ವ್ಯವಸ್ಥೆ ಎರಡು ಪಟ್ಟಾಗಬೇಕು. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಕಾಯಿಸಲು ಮೂರೂವರೆ ಯೂನಿಟ್ ಬೇಕು. ಆದ್ದರಿಂದ ಸ್ನಾನದ ನೀರಿಗೆ ಕರೆಂಟ್ ಮುಟ್ಟಲೇಬೇಡಿ, ಚಾವಣಿಯ ಸೋಲಾರ್ ವಾಟರ್ ಹೀಟರ್ ಅಥವಾ ಸೌದೆ ಒಲೆ ಸಾಕು.

ಒಮ್ಮೆ ‘ಬ್ಯಾಟರಿ ಸರಿಯಿಲ್ಲ, ಬೆಳಗಿನ ಜಾವಕ್ಕೆ ಖಾಲಿ’ ಎಂದು ಕರೆದಿದ್ದ ಮನೆಗೆ ಹೋಗಿದ್ದೆ. ರಾತ್ರಿ ಹತ್ತೂವರೆಗೆ ಎಲ್ಲ ದೀಪ ಆರಿಸಿ, ಫ್ಯಾನ್ ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ ತೆಗೆದು, ಇನ್ವರ್ಟರಿನ ಪುಟ್ಟ ಪರದೆಯ ಮುಂದೆ ನಿಂತೆವು. 180 ವ್ಯಾಟ್ ತೋರಿಸುತ್ತಿತ್ತು. ಟಿವಿಯ ಸೆಟ್‌ಟಾಪ್ ಬಾಕ್ಸ್, ಮೈಕ್ರೋವೇವ್ ಒಲೆಯ ಗಡಿಯಾರ, ನೀರು ಶುದ್ಧೀಕರಿಸುವ ಯಂತ್ರ, ಎರಡು ಸ್ಪೀಕರ್, ಸಿಸಿಟಿವಿ ಪೆಟ್ಟಿಗೆ, ಒಂದು ಹಳೆಯ ಡೆಸ್ಕ್‌ಟಾಪ್. ಒಂದೊಂದೇ ಪ್ಲಗ್ ಕಿತ್ತಾಗ ಅಂಕಿ ಇಳಿಯುತ್ತಾ 45ಕ್ಕೆ ಬಂದು ನಿಂತಿತು. ಆ 45 ಇನ್ವರ್ಟರಿನದೇ. 180 ವ್ಯಾಟ್ ದಿನವಿಡೀ ಹರಿದರೆ ನಾಲ್ಕು ಯೂನಿಟ್ ದಾಟುತ್ತದೆ, ಅಂದರೆ ಆ ಮನೆಯ ಬಳಕೆಯ ಅರ್ಧದಷ್ಟು. ಅವರಿಗೆ ಬೇಕಿದ್ದದ್ದು ಹೊಸ ಬ್ಯಾಟರಿಯಲ್ಲ, ಸ್ವಿಚ್ ಇರುವ ನಾಲ್ಕು ಎಕ್ಸ್‌ಟೆನ್ಶನ್ ಬೋರ್ಡ್. ಹೀಗಾಗಿ ಜಮೀನು ಕೊಳ್ಳುವ ಮುಂಚೆಯೇ, ಈಗಿರುವ ಮನೆಯಲ್ಲೇ, ಒಂದು ಪ್ಲಗ್ ಮೀಟರ್ ಕೊಂಡು ಪ್ರತಿ ಸಾಧನವನ್ನೂ ಅಳೆಯಿರಿ.

ಈಗ ಆರು ಯೂನಿಟ್ಟನ್ನು ಪ್ಯಾನೆಲಿಗೆ ಇಳಿಸೋಣ. ಒಳ್ಳೆಯ ದಿನ ಐದು ಗಂಟೆಯಷ್ಟು ಪೂರ್ಣ ಬಿಸಿಲು ಸಿಗುವ ಕಡೆ, ಕಾಲು ಭಾಗ ನಷ್ಟ ಕಳೆದರೆ, ಒಂದು ಕಿಲೋವ್ಯಾಟ್ ಪ್ಯಾನೆಲ್ 3.75 ಯೂನಿಟ್ ಕೊಡುತ್ತದೆ. ಆ ಲೆಕ್ಕಕ್ಕೆ 1.6 ಕಿಲೋವ್ಯಾಟ್ ಸಾಕು. ಕೊಟೇಶನ್‌ಗಳು ಬಹಳ ಸಲ ಇಲ್ಲಿಗೇ ನಿಲ್ಲುತ್ತವೆ. ಆದರೆ ಮೋಡ ಕವಿದ ವಾರದಲ್ಲಿ ಎರಡು ಗಂಟೆಯಷ್ಟೇ ಬಿಸಿಲು ಸಿಕ್ಕರೆ ಅದೇ ಕಿಲೋವ್ಯಾಟ್ ಒಂದೂವರೆ ಯೂನಿಟ್ ಮಾತ್ರ ಕೊಡುತ್ತದೆ. ಆಗ ನಾಲ್ಕು ಕಿಲೋವ್ಯಾಟ್ ಬೇಕು. ನೀವು ನಾಲ್ಕನ್ನೇ ಹಾಕಿಸಿ. ಇಡೀ ವ್ಯವಸ್ಥೆಯಲ್ಲಿ ಇಂದು ಅಗ್ಗವಾಗಿರುವುದು ಪ್ಯಾನೆಲ್, ಅದು 25 ವರ್ಷ ಬಾಳುತ್ತದೆ. ದುಬಾರಿಯಾದದ್ದು, ಬೇಗ ಸಾಯುವುದು ಬ್ಯಾಟರಿ. ಐದು ದಿನದ ಮೋಡಕ್ಕೆಂದು ಬ್ಯಾಟರಿ ಪೇರಿಸುವುದಕ್ಕಿಂತ ಎರಡು ದಿನದ ಬ್ಯಾಟರಿ, ಧಾರಾಳ ಪ್ಯಾನೆಲ್, ಜೊತೆಗೊಂದು ಸಣ್ಣ ಜನರೇಟರ್ ಇಡುವುದು ಎಷ್ಟೋ ಮೇಲು. ಪ್ಯಾನೆಲ್ ಇಡುವ ಜಾಗದಲ್ಲಿ ಸೂರ್ಯ ಅತಿ ಕೆಳಗೆ ಸಾಗುವ ತಿಂಗಳಲ್ಲೂ ಮರದ ನೆರಳು ಬೀಳಬಾರದು. ಸಾಲಿನಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು.

ಯಾವ ಬ್ಯಾಟರಿ ಎಂದು ಕೇಳಿದ್ದೀರಿ. ಲಿಥಿಯಂ ಐರನ್ ಫಾಸ್ಫೇಟ್. ಎರಡು ದಿನಕ್ಕೆ 12 ಯೂನಿಟ್ ಬೇಕಾದರೆ ಅದರಲ್ಲಿ ಸುಮಾರು 14 ಯೂನಿಟ್ ಸಾಮರ್ಥ್ಯ ಸಾಕು, ಏಕೆಂದರೆ 85 ಪರ್ಸೆಂಟ್ ತನಕ ನಿಶ್ಚಿಂತೆಯಿಂದ ಬಳಸಬಹುದು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 24 ಬೇಕು. ಅದು ಮೂರರಿಂದ ಆರು ವರ್ಷಕ್ಕೆ ಮುಗಿಯುತ್ತದೆ. ಲಿಥಿಯಂ ಹತ್ತು ವರ್ಷ ದಾಟುವುದು ಸಾಮಾನ್ಯ. ಲೆಡ್ ಆಸಿಡ್ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು ಹಾಕುತ್ತಿರಬೇಕು, ಅದಕ್ಕೆ ಗಾಳಿಯಾಡುವ ಕೋಣೆಯೂ ಬೇಕು, ಉಷ್ಣತೆ 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದಾಗ ಅದರ ಆಯಸ್ಸು ಅರ್ಧವಾಗುತ್ತದೆ. ತಗಡಿನ ಶೆಡ್ಡಿನಲ್ಲಿ, ಮಧ್ಯಾಹ್ನದ ಬಿಸಿಲು ಬೀಳುವ ಗೋಡೆಗೆ ಒರಗಿಸಿಟ್ಟ ಬ್ಯಾಟರಿಗಳು ಅಕಾಲದಲ್ಲಿ ಸಾಯುವುದು ಇದಕ್ಕೇ. ಲಿಥಿಯಂಗೂ ಒಂದು ಷರತ್ತಿದೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಹೆಪ್ಪುಗಟ್ಟುವ ಚಳಿಯ ಊರಾದರೆ ಅದನ್ನು ಮನೆಯೊಳಗೇ ಇಡಬೇಕು. ವ್ಯವಸ್ಥೆ 48 ವೋಲ್ಟಿನದಿರಲಿ. ಮೂರು ಕಿಲೋವ್ಯಾಟಿಗೆ 12 ವೋಲ್ಟಿನಲ್ಲಿ 250 ಆಂಪಿಯರ್ ಹರಿಯುತ್ತದೆ, 48ರಲ್ಲಿ ಸುಮಾರು 63. ತಂತಿ ತೆಳ್ಳಗಾಗುತ್ತದೆ, ಬಿಸಿ ಕಡಿಮೆ, ಬೆಂಕಿಯ ಭಯ ಕಡಿಮೆ.

ಬೆಂಕಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಪ್ಯಾನೆಲ್ ಮತ್ತು ಬ್ಯಾಟರಿ ಕಡೆ ಹರಿಯುವುದು ಒಂದೇ ದಿಕ್ಕಿನ ಡಿಸಿ ಕರೆಂಟ್, ಅಲ್ಲಿ ಡಿಸಿಗೆಂದೇ ತಯಾರಾದ ಬ್ರೇಕರ್ ಮತ್ತು ಫ್ಯೂಸ್ ಬೇಕು. ಮನೆಯೊಳಗಿನ ಎಸಿ ಕರೆಂಟ್ ದಿಕ್ಕು ಬದಲಿಸುತ್ತಾ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಕಿಡಿ ಹಿಡಿದುಕೊಂಡೇ ಇರುತ್ತದೆ. ಮನೆಯ ಸಾಮಾನ್ಯ ಬ್ರೇಕರನ್ನು (ಎಂಸಿಬಿ) ಅಲ್ಲಿ ಹಾಕಿ ‘ಎಲ್ಲ ಒಂದೇ’ ಎನ್ನುವ ಎಲೆಕ್ಟ್ರಿಷಿಯನ್ನನ್ನು ವಾಪಸ್ ಕಳಿಸಿ. ಬಯಲಿನ ಒಂಟಿ ಮನೆಗೆ ಸಿಡಿಲಿನ ಅಪಾಯ ಹೆಚ್ಚು. ಒಳ್ಳೆಯ ಅರ್ಥಿಂಗ್, ಡಿಸಿ ಮತ್ತು ಎಸಿ ಎರಡೂ ಕಡೆ ದಿಢೀರನೆ ನುಗ್ಗುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್, ಇವುಗಳಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಅಗ್ನಿಶಾಮಕ ವಾಹನ ನಿಮ್ಮಲ್ಲಿಗೆ ತಡವಾಗಿಯೇ ಬರುವುದರಿಂದ ಮನೆಯ ಸುತ್ತ ಹತ್ತು ಮೀಟರ್ ಒಣಹುಲ್ಲು, ಪೊದೆ ಇಲ್ಲದಂತೆ ನೋಡಿಕೊಳ್ಳಿ, ಟ್ಯಾಂಕಿನ ತಳದ ಒಂದಿಷ್ಟು ನೀರನ್ನು ಬೆಂಕಿಗೆಂದೇ ಮೀಸಲಿಡಿ. ಜನರೇಟರನ್ನು ಮನೆಯೊಳಗಾಗಲಿ ವರಾಂಡದಲ್ಲಾಗಲಿ ಎಂದೂ ಓಡಿಸಬೇಡಿ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದ್ದವರು ಏಳುವುದಿಲ್ಲ.

ಇಷ್ಟಾದ ಮೇಲೆ ಮನೆ. ಬಿಸಿಲು ತಡೆಯುವ ಉದ್ದನೆಯ ಸೂರು, ಎದುರುಬದುರು ಕಿಟಕಿ, ಚಾವಣಿಗೆ ಇನ್ಸುಲೇಷನ್, ಬಿಸಿ ಊರಾದರೆ ಬಿಳಿ ಬಣ್ಣ. ಇವುಗಳಿಗೆ ಕೊಟ್ಟ ದುಡ್ಡು ಬ್ಯಾಟರಿಗೆ ಕೊಟ್ಟ ದುಡ್ಡಿಗಿಂತ ಹೆಚ್ಚು ಕಾಲ ದುಡಿಯುತ್ತದೆ, ಹತ್ತು ವರ್ಷಕ್ಕೊಮ್ಮೆ ಬದಲಿಸುವ ಗೋಜೂ ಇಲ್ಲ. ಸಾವಿರ ಚದರ ಅಡಿಯನ್ನು 750ಕ್ಕೆ ಇಳಿಸಿ, ಆ ಉಳಿತಾಯವನ್ನು ನೀರಿನ ತೊಟ್ಟಿಗೆ ಹಾಕುವುದಾದರೆ ನಾನು ಖುಷಿಪಡುತ್ತೇನೆ. ದೂರದ ಕೆಲಸಕ್ಕೆ ಕೂಲಿ ಜಾಸ್ತಿ, ಮೇಸ್ತ್ರಿ ಸಿಗುವುದು ಕಷ್ಟ, ಒಂದು ಪೈಪ್ ಬೆಂಡ್ ಕಡಿಮೆ ಬಿದ್ದರೂ ಅರ್ಧ ದಿನದ ಕೆಲಸ ನಿಲ್ಲುತ್ತದೆ. ಸಾಲ ಬೇಕಿದ್ದರೆ ಜಮೀನು ಕೊಳ್ಳುವ ಮೊದಲೇ ಬ್ಯಾಂಕಿನವರನ್ನು ಕಾಣಿ. ಕಂಬವಿಲ್ಲದ, ದಾರಿ ಸರಿಯಿಲ್ಲದ ಮನೆಗೆ ಸಾಲ ಕೊಡಲು, ವಿಮೆ ಮಾಡಲು ಅನೇಕರು ಹಿಂಜರಿಯುತ್ತಾರೆ. ಕೊಟೇಶನ್‌ಗಳೆಲ್ಲ ಬಂದ ಮೇಲೂ ಒಟ್ಟು ಮೊತ್ತದ ಮೇಲೆ ಆರನೇ ಒಂದು ಭಾಗ ಕೈಯಲ್ಲಿರಲಿ.

ತಿಂಗಳ ಬಿಲ್ ಇರುವುದಿಲ್ಲ ಎಂದು ಬಹಳ ಜನ ಸಂತೋಷಪಡುತ್ತಾರೆ. ಬಿಲ್ ಬರುತ್ತದೆ, ಹತ್ತು ವರ್ಷದ್ದು ಒಟ್ಟಿಗೆ ಬರುತ್ತದೆ. ಬ್ಯಾಟರಿಯ ಬೆಲೆಯನ್ನು ಹತ್ತರಿಂದ, ಇನ್ವರ್ಟರಿನದನ್ನು ಹತ್ತರಿಂದ, ಪಂಪಿನದನ್ನು ಎಂಟರಿಂದ ಭಾಗಿಸಿ ಕೂಡಿಸಿ. ಬಂದ ಮೊತ್ತದ ಹನ್ನೆರಡನೇ ಒಂದು ಭಾಗವನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿ, ಬೇರಾವುದಕ್ಕೂ ಮುಟ್ಟಬೇಡಿ. ಓಡಾಟದ ಖರ್ಚನ್ನೂ ಬರೆದುಕೊಳ್ಳಿ: ಮಗಳ ಶಾಲೆ ದಿನಕ್ಕೆ ಎರಡು ಟ್ರಿಪ್, ಬಹುಶಃ ಎರಡನೇ ವಾಹನ. ಕೆಲವು ಕುಟುಂಬಗಳಿಗೆ ಸೋಲಾರಿಗಿಂತ ಪೆಟ್ರೋಲೇ ಭಾರವಾಗುವುದನ್ನು ಕಂಡಿದ್ದೇನೆ. ನಿಮ್ಮಿಬ್ಬರ ಕೆಲಸ ಇಂಟರ್‌ನೆಟ್ ಮೇಲೆ ನಿಂತಿರುವುದರಿಂದ, ಆ ಜಮೀನಿನಲ್ಲೇ ಕುಳಿತು ಒಂದು ಪೂರ್ತಿ ಕೆಲಸದ ದಿನ ವಿಡಿಯೊ ಕರೆಗಳನ್ನು ಮಾಡಿ ನೋಡಿ.

ಸಾಧ್ಯವಾದರೆ ಅಲ್ಲಿ ಮೊದಲು ಒಂದು ಕೋಣೆಯ ಶೆಡ್, ಒಂದು ಶೌಚಾಲಯ, ಎರಡು ಪ್ಯಾನೆಲ್, ಒಂದು ಸಣ್ಣ ಟ್ಯಾಂಕ್ ಹಾಕಿ, ಒಂದು ಮಳೆಯ ಕಾಲ ಮತ್ತು ಒಂದು ಒಣ ಕಾಲ ಬಂದುಹೋಗಿ ಇರಿ. ಗಾಳಿ ಎಲ್ಲಿಂದ ಹೊಡೆಯುತ್ತದೆ, ನೀರು ಎಲ್ಲಿ ಹರಿಯುತ್ತದೆ, ರಾತ್ರಿ ಅಲ್ಲಿರಲು ನಿಮಗೆ ನಿಜಕ್ಕೂ ಇಷ್ಟವೇ ಎಂಬುದೆಲ್ಲ ಗೊತ್ತಾಗುತ್ತದೆ. ಮುಂದೆ ಆ ಶೆಡ್ಡೇ ಉಗ್ರಾಣ, ಬ್ಯಾಟರಿ ಕೋಣೆ ಆಗುತ್ತದೆ.

ಕೊನೆಗೆ ಅಮ್ಮನ ವಿಷಯ. ಅವರು ಒಬ್ಬರೇ ಇರುವಾಗ ಕರೆಂಟ್ ಹೋದರೆ ಏನು ಮಾಡಬೇಕೆಂದು ಅವರಿಗೂ ಗೊತ್ತಿರಬೇಕು. ಇನ್ವರ್ಟರ್ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಮೂರು ಸಾಲು ಬರೆದು ಅಂಟಿಸಿ: ಯಾವ ಸ್ವಿಚ್ ಮೊದಲು ಆರಿಸಬೇಕು, ಯಾವುದನ್ನು ಹಾಕಬೇಕು, ಯಾರಿಗೆ ಫೋನ್ ಮಾಡಬೇಕು. ಇನ್ಸುಲಿನ್ ಇಡುವ ಫ್ರಿಜ್, ನೆಬ್ಯುಲೈಜರ್, ಆಕ್ಸಿಜನ್ ಯಂತ್ರ ಇಂಥದೇನಾದರೂ ಇದ್ದರೆ ಅದಕ್ಕೆ ಮನೆಯ ವ್ಯವಸ್ಥೆಯಿಂದ ಬೇರೆಯಾದ ಒಂದು ಸಣ್ಣ ಬ್ಯಾಟರಿ ಮತ್ತು ಇನ್ವರ್ಟರ್ ಇಡಿ. ದೊಡ್ಡದು ಕೆಟ್ಟ ದಿನವೂ ಅದು ನಡೆಯಬೇಕು. ಹತ್ತಿರದ ಆಸ್ಪತ್ರೆಯ ಆಂಬುಲೆನ್ಸ್ ಚಾಲಕರನ್ನು ಒಮ್ಮೆ ಮನೆಯವರೆಗೆ ಕರೆತಂದು ದಾರಿ ತೋರಿಸಿ. ಡಾಂಬರು ರಸ್ತೆಯಿಂದ ತಿರುಗುವ ಕಡೆ, ರಾತ್ರಿ ವಾಹನದ ಬೆಳಕಿಗೆ ಹೊಳೆಯುವ ಬಣ್ಣದಲ್ಲಿ, ಮನೆಯ ಹೆಸರಿನ ಫಲಕ ನೆಡಿಸಿ.